ನೋಯದ ಗಾಯವನ್ನು ನಂಬಬೇಡಿ

ಕವಾಟ ಎಂದೊಡನೆ ಈ ಅಂಕಣದ ಓದುಗರಿಗೆ ಹೃದಯದ ಕವಾಟ ನೆನಪಾಗುವುದು ಸಹಜ. ಈ ವಾರ ಹೇಳಹೊರಟಿರುವುದು ಕಬ್ಬಿಣದ ಕವಾಟದ, ಅಂದರೆ ವಾಲ್ವಿನ ವಿಷಯ. ಎರಡರ ಕೆಲಸವೂ ಒಂದೇ: ಹರಿಯುವುದನ್ನು ಬೇಕಾದಾಗ ಬಿಡುವುದು, ಬೇಡವಾದಾಗ ತಡೆಯುವುದು. ಓಣಿಯ ನಳಕ್ಕೆ ನೀರು ಬಿಡುವ ವಾಲ್ವ್‌ಮನ್‌ನ ದಾರಿ ಕಾದು ಕುಳಿತು ರೂಢಿಯಿರುವ ಹುಬ್ಬಳ್ಳಿ-ಧಾರವಾಡದ ಜನರಿಗೆ ವಾಲ್ವ್ ಎಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮೂರಿಗೂ ವಾಲ್ವಿಗೂ ಇನ್ನೊಂದು ನಂಟಿದೆ. ಬಿ.ಡಿ.ಕೆ., ಮೈಕ್ರೋಫಿನಿಶ್ ಮುಂತಾದ ಹೆಸರಿನ ವಾಲ್ವ್‌ಗಳು ತಯಾರಾದದ್ದು ಹುಬ್ಬಳ್ಳಿಯಲ್ಲಿಯೇ. ಗೋಕುಲ ರಸ್ತೆ, ತಾರಿಹಾಳ, ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶಗಳ ಕಾರ್ಖಾನೆ, ಶೆಡ್ಡುಗಳಲ್ಲಿ ದುಡಿಯುವ ಒಬ್ಬರಾದರೂ ನಿಮ್ಮ ಮನೆಯಲ್ಲೋ ನೆರೆಮನೆಯಲ್ಲೋ ಇರಬಹುದು. ಹೊಸ ವಾಲ್ವ್ ತಯಾರಿಸುವುದು ಒಂದು ಕೆಲಸ; ಬಳಸಿದ ವಾಲ್ವನ್ನು ಬಿಚ್ಚಿ, ಉಜ್ಜಿ, ಪರೀಕ್ಷಿಸಿ ಮರಳಿ ಕೊಡುವುದು ಇನ್ನೊಂದು. ಈ ಎರಡನೆಯ ಕೆಲಸಕ್ಕೆ ಹೆಚ್ಚಿನ ಎಚ್ಚರ ಬೇಕು. ಏಕೆಂದರೆ ಅದರ ಕೆಲವು ದೊಡ್ಡ ಅಪಾಯಗಳು ಆ ದಿನ ಅಷ್ಟಾಗಿ ನೋಯುವುದಿಲ್ಲ. ನೋವಿಲ್ಲವೆಂದು ಕೆಲಸಗಾರ ಮನೆಗೆ ಬಂದು ಉಂಡು ಮಲಗುತ್ತಾನೆ. ಅಲ್ಲಿಯೇ ತಪ್ಪುವುದು.

ಮುಚ್ಚಿದ ವಾಲ್ವಿನ ಹೊಟ್ಟೆಯಲ್ಲಿ

ಬಾಲ್ ವಾಲ್ವಿನೊಳಗೆ ತೂತುಳ್ಳ ಒಂದು ಗುಂಡು ಇರುತ್ತದೆ. ಗುಂಡನ್ನು ತಿರುಗಿಸಿ ಮುಚ್ಚಿದಾಗ ಅದರ ತೂತಿನಲ್ಲೂ ಸುತ್ತಲಿನ ಸಂದಿಯಲ್ಲೂ ಸ್ವಲ್ಪ ದ್ರವ ಅಥವಾ ಅನಿಲ ಸಿಕ್ಕಿಕೊಳ್ಳುತ್ತದೆ. ಪೈಪು ಖಾಲಿಯಾಗಿದ್ದರೂ ವಾಲ್ವಿನ ಹೊಟ್ಟೆ ಖಾಲಿಯಾಗಿರುವುದಿಲ್ಲ. ಬೋಲ್ಟು ಸಡಿಲಿಸಿದ ಕ್ಷಣ ಅದು ಮುಖಕ್ಕೆ ಚಿಮ್ಮಬಹುದು.

ಸಕ್ಕರೆ ಮತ್ತು ಕಾಗದ ಕಾರ್ಖಾನೆಗಳಲ್ಲಿ ಕಾಸ್ಟಿಕ್ ಸೋಡಾ ಬಳಸುತ್ತಾರೆ. ಆಮ್ಲ ಬಿದ್ದರೆ ಚರ್ಮ ಕೂಡಲೇ ಉರಿಯುತ್ತದೆ. ಕಾಸ್ಟಿಕ್ ಬಿದ್ದರೆ ಮೊದಮೊದಲು ಸಾಬೂನಿನಂತೆ ಜಾರುಜಾರಾಗಿ ಅನ್ನಿಸುವುದೇ ಹೆಚ್ಚು, ಉರಿ ಕಡಿಮೆ. ಉರಿ ಇಲ್ಲವೆಂದು ಬಿಟ್ಟರೆ ಅದು ಒಳಗೊಳಗೇ ಇಳಿದು ಆಳವಾಗಿ ಸುಡುತ್ತದೆ. ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಆಗ ಮಾಡಬೇಕಾದದ್ದು ಒಂದೇ: ಬಟ್ಟೆ ಕಳಚಿ, ಹರಿಯುವ ನೀರಿನಲ್ಲಿ ಕಡಿಮೆಯೆಂದರೆ ಅರ್ಧ ಗಂಟೆ ತೊಳೆಯಬೇಕು. ತೊಳೆದ ಮೇಲೆ ಆಸ್ಪತ್ರೆ. ನಿಂಬೆರಸ, ವಿನೆಗರ್ ಹಾಕಬಾರದು.

ಮೂಗನ್ನೂ ಪೂರ್ತಿ ನಂಬಬಾರದು. ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಅನಿಲ ಹೆಚ್ಚಾದಾಗ ವಾಸನೆ ಹಿಡಿಯುವ ಶಕ್ತಿಯನ್ನೇ ಕುಂದಿಸುತ್ತದೆ. ವಾಸನೆ ನಿಂತಿತೆಂದರೆ ಅನಿಲ ಹೋಯಿತೆಂದು ಅರ್ಥವಲ್ಲ.

ಆದ್ದರಿಂದ ರಿಪೇರಿಗೆ ಬಂದ ಪ್ರತಿ ವಾಲ್ವಿನ ಜೊತೆ ಒಂದು ಚೀಟಿ ಇರಬೇಕು. ಇದರಲ್ಲಿ ಏನು ಹರಿಯುತ್ತಿತ್ತು, ತೊಳೆದು ಕಳಿಸಿದ್ದಾರೆಯೇ ಎಂದು ಅದರಲ್ಲಿ ಬರೆದಿರಬೇಕು. ಬಿಚ್ಚುವ ಮುನ್ನ ಗಾಳಿಯಾಡುವ ಜಾಗದಲ್ಲಿ, ಕನ್ನಡಕ ಮತ್ತು ಕೈಗವಸು ಹಾಕಿಕೊಂಡು, ಗುಂಡನ್ನು ಅರ್ಧ ತೆರೆದು ಒಳಗಿನದನ್ನು ಬಸಿಯಬೇಕು.

ಒಂದು ಚೀಟಿಯ ಬೆಲೆ ಎಷ್ಟೆಂದು 1988ರ ಜುಲೈ 6ರಂದು ಜಗತ್ತಿಗೆ ತಿಳಿಯಿತು. ಉತ್ತರ ಸಮುದ್ರದ ಪೈಪರ್ ಆಲ್ಫಾ ಎಂಬ ತೈಲ ವೇದಿಕೆಯಲ್ಲಿ ಒಂದು ಸುರಕ್ಷಾ ವಾಲ್ವನ್ನು ಪರೀಕ್ಷೆಗೆಂದು ಕಳಚಿ, ಆ ಜಾಗಕ್ಕೆ ಬರೀ ಮುಚ್ಚಳ ಹಾಕಿದ್ದರು. ರಾತ್ರಿ ಪಾಳಿಯವರಿಗೆ ಆ ವಿಷಯ ತಲುಪಲಿಲ್ಲ. ಅವರು ಪಂಪು ಚಾಲೂ ಮಾಡಿದರು. ಅನಿಲ ಸೋರಿ ಸ್ಫೋಟವಾಗಿ 167 ಜನ ಸತ್ತರು.

ಸೂಜಿಮೊನೆಯ ಗಾಯ

ರಿಪೇರಿಯಾದ ವಾಲ್ವನ್ನು ಒತ್ತಡ ಕೊಟ್ಟು ಪರೀಕ್ಷಿಸುತ್ತಾರೆ. ಎ.ಪಿ.ಐ. 598 ಎಂಬ ಪ್ರಸಿದ್ಧ ಮಾನದಂಡದಂತೆ, ಉಕ್ಕಿನ ವಾಲ್ವಿನ ಮೈಗೆ ಅದರ ನಿಗದಿತ ಒತ್ತಡದ ಒಂದೂವರೆ ಪಟ್ಟು ಕೊಟ್ಟು ನೋಡುವುದು ವಾಡಿಕೆ. ಹತ್ತು ತಡೆಯಬೇಕಾದ್ದು ಹದಿನೈದು ತಡೆಯಬೇಕು. ಇದಕ್ಕೆ ಗಾಳಿಯ ಬದಲು ನೀರು ಬಳಸುವುದಕ್ಕೆ ಕಾರಣವಿದೆ. ನೀರು ಹೆಚ್ಚು ಕುಗ್ಗುವುದಿಲ್ಲ. ಬಿರುಕು ಬಿಟ್ಟರೆ ಒತ್ತಡ ಥಟ್ಟನೆ ಇಳಿಯುತ್ತದೆ. ಗಾಳಿಯಾದರೋ ಅದುಮಿಟ್ಟ ಸ್ಪ್ರಿಂಗಿನಂತೆ. ಅದೇ ಒತ್ತಡದಲ್ಲಿ ಅದು ನೀರಿಗಿಂತ ನೂರಾರು ಪಟ್ಟು ಶಕ್ತಿ ಹುದುಗಿಸಿಕೊಂಡಿರುತ್ತದೆ; ಒಡೆದರೆ ಬೋಲ್ಟುಗಳು ಗುಂಡಿನಂತೆ ಹಾರುತ್ತವೆ. ನೀರು ತುಂಬುವಾಗ ಒಳಗಿನ ಗಾಳಿಯನ್ನೆಲ್ಲ ಹೊರಬಿಡಬೇಕೆನ್ನುವುದು ಇದಕ್ಕಾಗಿಯೇ.

ಪರೀಕ್ಷೆಯ ವೇಳೆ ಎಲ್ಲಿ ಸೋರುತ್ತಿದೆಯೆಂದು ಬೆರಳಿಟ್ಟು ನೋಡುವ ಅಭ್ಯಾಸ ಕೆಲವರಿಗಿದೆ. ಕೂದಲೆಳೆಯಷ್ಟು ತೂತಿನಿಂದ ಬರುವ ಧಾರೆ ಚರ್ಮವನ್ನು ಸೂಜಿಯಂತೆ ಚುಚ್ಚಿ ಒಳಹೋಗುತ್ತದೆ. ಗ್ರೀಸ್ ಗನ್ನಿನಿಂದ ವಾಲ್ವಿಗೆ ಗ್ರೀಸ್ ತುಂಬುವಾಗಲೂ ಹೀಗಾಗಬಹುದು. ಹೊರಗೆ ಕಾಣುವುದು ಒಂದು ಚುಕ್ಕೆ. ಮೊದಲ ಕೆಲವು ಗಂಟೆ ನೋವೂ ಕಡಿಮೆ. ಆದರೆ ಗ್ರೀಸ್, ಎಣ್ಣೆ ಬೆರಳಿನ ನರ, ಸ್ನಾಯುಗಳ ಸಂದಿಯಲ್ಲಿ ಹರಡಿ ರಕ್ತಸಂಚಾರ ನಿಲ್ಲಿಸುತ್ತದೆ. ತಡವಾದರೆ ಬೆರಳನ್ನೇ ಕತ್ತರಿಸಬೇಕಾಗುತ್ತದೆ.

ಇಂಥ ಗಾಯವಾದರೆ ಉಂಗುರ ತೆಗೆಯಿರಿ. ಹಿಂಡಬೇಡಿ, ತಿಕ್ಕಬೇಡಿ, ಬಿಸಿ ಶಾಖ ಕೊಡಬೇಡಿ. ಕೈಯನ್ನು ಎತ್ತಿ ಹಿಡಿದು, ಶಸ್ತ್ರಚಿಕಿತ್ಸಕರಿರುವ ಆಸ್ಪತ್ರೆಗೆ ಅಂದೇ, ಆ ಗಂಟೆಯೇ ಹೋಗಿ. ದಾರಿಯಲ್ಲಿ ಏನೂ ತಿನ್ನಬೇಡಿ, ಅರಿವಳಿಕೆ ಕೊಡಬೇಕಾಗಬಹುದು. ವೈದ್ಯರಿಗೆ "ಏನೋ ಚುಚ್ಚಿತು" ಎನ್ನಬೇಡಿ. "ಒತ್ತಡದಲ್ಲಿದ್ದ ಗ್ರೀಸ್ ಒಳಹೋಗಿದೆ" ಎಂದು ಸ್ಪಷ್ಟವಾಗಿ ಹೇಳಿ.

ದಶಕಗಳ ಕಾಲ ಕಾಯುವ ಧೂಳು

ಮೂರನೆಯ ಅಪಾಯ ಎಲ್ಲಕ್ಕಿಂತ ನಿಧಾನ. ವಾಲ್ವಿನ ದಂಡದ ಸುತ್ತ ಸೋರದಂತೆ ಹಗ್ಗದಂಥ ಪ್ಯಾಕಿಂಗ್ ತುರುಕಿರುತ್ತಾರೆ. ಜೋಡಣೆಗಳ ನಡುವೆ ಗ್ಯಾಸ್ಕೆಟ್ ಇರುತ್ತದೆ. ಉಗಿ ಮತ್ತು ಬಿಸಿ ದ್ರವದ ಹಳೆಯ ವಾಲ್ವ್‌ಗಳಲ್ಲಿ ಇವು ಬಹುಮಟ್ಟಿಗೆ ಕಲ್ನಾರಿನವು. ಈಗ ಗ್ರಾಫೈಟ್, ಟೆಫ್ಲಾನ್ ಬಂದಿವೆಯಾದರೂ ಹಳೆಯ ವಾಲ್ವಿನೊಳಗೆ ಹಳೆಯದೇ ಇರುತ್ತದೆ. ಬಿಳಿ ಕಲ್ನಾರಿನ ಬಳಕೆಯೂ ನಮ್ಮ ದೇಶದಲ್ಲಿ ಪೂರ್ತಿ ನಿಂತಿಲ್ಲ. ಎಲ್ಲ ಬಗೆಯ ಕಲ್ನಾರೂ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ.

ಒಣಗಿದ ಪ್ಯಾಕಿಂಗನ್ನು ಕೆರೆದು, ವೈರ್ ಬ್ರಷ್‌ನಿಂದ ಉಜ್ಜಿ, ಗಾಳಿ ಹೊಡೆದಾಗ ಕಣ್ಣಿಗೆ ಕಾಣದ ಎಳೆಗಳು ಹಾರಿ ಶ್ವಾಸಕೋಶ ಸೇರುತ್ತವೆ. ಕೆಮ್ಮಿಲ್ಲ, ನೋವಿಲ್ಲ. ಹತ್ತಿಪ್ಪತ್ತು ವರ್ಷದ ಮೇಲೆ ಏದುಸಿರು ತೊಡಗುತ್ತದೆ. ಕ್ಯಾನ್ಸರ್ ತಲೆದೋರಲು ಮೂವತ್ತು-ನಲವತ್ತು ವರ್ಷವೂ ಹಿಡಿಯಬಹುದು. ಬೀಡಿ, ಸಿಗರೇಟು ಸೇದುವವರಲ್ಲಿ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಹಲವು ಪಟ್ಟು ಹೆಚ್ಚು.

ಮನೆಯವರು ಇದನ್ನು ಗಮನಿಸಬೇಕು. ಲಂಡನ್ನಿನಲ್ಲಿ ನಡೆದು 1965ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಕಲ್ನಾರಿನ ಕಾರ್ಖಾನೆಯ ಮೆಟ್ಟಿಲನ್ನೇ ಹತ್ತದ ಹೆಂಗಸರಲ್ಲೂ ಈ ಕ್ಯಾನ್ಸರ್ ಕಂಡಿತು. ಅವರು ಮಾಡಿದ್ದು ಗಂಡನ ಕೆಲಸದ ಬಟ್ಟೆ ಕೊಡವಿ ಒಗೆದದ್ದು, ಅಷ್ಟೇ.

ಏನು ಮಾಡಬೇಕು?

ಹಳೆಯ ಪ್ಯಾಕಿಂಗ್ ಯಾವುದೆಂದು ಗೊತ್ತಿಲ್ಲದಿದ್ದರೆ ಕಲ್ನಾರೆಂದೇ ತಿಳಿದು ನೀರು ಚಿಮುಕಿಸಿ, ಒದ್ದೆಯಾಗಿಯೇ ತೆಗೆಯಬೇಕು. ಗಾಳಿ ಹೊಡೆಯಬಾರದು, ಒಣ ಪೊರಕೆ ಆಡಿಸಬಾರದು. ತೆಗೆದ ಚೂರನ್ನು ಒದ್ದೆಯಿರುವಾಗಲೇ ಚೀಲದಲ್ಲಿ ಕಟ್ಟಿ ಗುರುತು ಹಾಕಿ ಬೇರೆ ಇಡಬೇಕು. ಮೂಗಿಗೆ ಕಟ್ಟಿದ ಕರವಸ್ತ್ರ ಸಾಲದು. ಕಲ್ನಾರಿಗೆಂದೇ ಇರುವ ಸೂಕ್ಷ್ಮ ಫಿಲ್ಟರಿನ ಮುಖಗವಸು ಬೇಕು. ಇದನ್ನು ಒದಗಿಸುವುದು ಮಾಲೀಕರ ಹೊಣೆ. ಕೆಲಸದ ಬಟ್ಟೆ ಕೆಲಸದಲ್ಲೇ ಉಳಿಯಲಿ; ಅದನ್ನು ಒಗೆಸುವ ವ್ಯವಸ್ಥೆಯೂ ಅಲ್ಲಿಯೇ ಆಗಲಿ. ಸ್ನಾನ ಮಾಡಿ, ಬೇರೆ ಬಟ್ಟೆ ತೊಟ್ಟು ಮನೆಗೆ ಬಂದು ಮಕ್ಕಳನ್ನು ಎತ್ತಿಕೊಳ್ಳಿ.

ಈ ಕೆಲಸ ಮಾಡಿದವರಿಗೆ, ಬಿಟ್ಟು ಎಷ್ಟೇ ವರ್ಷವಾಗಿರಲಿ, ಒಣ ಕೆಮ್ಮು, ಮೆಟ್ಟಿಲೇರಿದರೆ ಏದುಸಿರು ಕಂಡರೆ ಕ್ಷಯವೆಂದೋ ವಯಸ್ಸಾಯಿತೆಂದೋ ಸುಮ್ಮನಿರಬೇಡಿ. ಇ.ಎಸ್.ಐ. ಚಿಕಿತ್ಸಾಲಯಕ್ಕಾಗಲಿ, ವಿದ್ಯಾನಗರದಲ್ಲಿ ಜನ ಕಿಮ್ಸ್ ಎಂದೇ ಕರೆಯುವ ಸರ್ಕಾರಿ ಆಸ್ಪತ್ರೆಗಾಗಲಿ ಹೋದಾಗ ರೋಗದ ಜೊತೆ ಕಸುಬನ್ನೂ ಹೇಳಿ: ಎಲ್ಲಿ, ಎಷ್ಟು ವರ್ಷ, ಏನು ಕೆಲಸ. ಗಟ್ಟಿಯಾದ ಶ್ವಾಸಕೋಶವನ್ನು ಮೊದಲಿನಂತೆ ಮಾಡುವ ಔಷಧಿ ಇಲ್ಲ. ಆದರೆ ಧೂಳಿನಿಂದ ದೂರವಾಗಿ, ಧೂಮಪಾನ ಬಿಟ್ಟು, ಸೋಂಕಿಗೆ ಬೇಗ ಚಿಕಿತ್ಸೆ ಪಡೆದರೆ ಕೆಡುವುದನ್ನು ನಿಧಾನಿಸಬಹುದು. ಕಲ್ನಾರಿನಿಂದ ಬಂದ ರೋಗವೆಂದು ಸಿದ್ಧವಾದರೆ ಪರಿಹಾರದ ಹಕ್ಕೂ ಉಂಟು. ಕಲ್ನಾರಿನ ಉದ್ಯಮಗಳು ಕಾರ್ಮಿಕರ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ ಕಡಿಮೆಯೆಂದರೆ 40 ವರ್ಷ, ಇಲ್ಲವೇ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ತಡವೋ ಅಲ್ಲಿಯವರೆಗೆ ಕಾಪಾಡಬೇಕೆಂದು ಸುಪ್ರೀಂ ಕೋರ್ಟು 1995ರಲ್ಲಿಯೇ ಹೇಳಿದೆ. ನಿಮ್ಮ ಎಕ್ಸ್‌ರೇ, ಹಾಜರಿ ಚೀಟಿಗಳನ್ನು ನೀವೂ ಜೋಪಾನವಾಗಿಡಿ.

ದುಡಿದು ಬಂದವರನ್ನು "ಎಲ್ಲಾದರೂ ಪೆಟ್ಟಾಯಿತೇ?" ಎಂದು ನಾವೆಲ್ಲ ಕೇಳುತ್ತೇವೆ. ಇಂದಿನಿಂದ "ಕೈಗೆ ಏನಾದರೂ ಚುಚ್ಚಿತೇ, ಮೈಗೆ ಏನಾದರೂ ಸಿಡಿಯಿತೇ, ಧೂಳು ಹಾರಿತೇ?" ಎಂದೂ ಕೇಳಿ. ನೋವಿಲ್ಲವೆಂದರೂ ಕೈ ಹಿಡಿದು ಒಮ್ಮೆ ನೋಡಿ.