ಶೆಲ್ಫ್ ಜೋಡಿಸುವವರು

ಸೂಪರ್ ಮಾರ್ಕೆಟ್ಟಿನಲ್ಲಿ ಮೊಸರು ಕೊಳ್ಳುವವರು ಮುಂದಿನ ಡಬ್ಬಿ ಮುಟ್ಟುವುದಿಲ್ಲ. ಕೈ ಒಳಗೆ ತೂರಿಸಿ ಹಿಂದಿನದನ್ನೇ ಎಳೆಯುತ್ತಾರೆ. ತಾಜಾ ಮಾಲು ಹಿಂದಿರುತ್ತದೆ ಎಂಬ ಗುಟ್ಟು ಈಗ ಎಲ್ಲರಿಗೂ ಗೊತ್ತು. ಹಾಗೆ ಜೋಡಿಸಿಟ್ಟವರು ಯಾರು ಎಂದು ಕೇಳಿದವರು ಕಡಿಮೆ.

ಬೆಂಗಳೂರಿನ ವಿಜಯನಗರದ ಮಳಿಗೆಯೊಂದರಲ್ಲಿ ಬಿಸ್ಕತ್ತಿನ ಸಾಲು ನೋಡಿಕೊಳ್ಳುವ ಮರ್ಚಂಡೈಸರ್ ಚನ್ನಪಟ್ಟಣದ ಕಡೆಯವರು. ‘ಹೆಸರು ಹಾಕಬೇಡಿ ಮೇಡಂ, ಸೂಪರ್‌ವೈಸರ್ ಓದ್ತಾರೆ’ ಎಂದರು. ಮಾತಾಡುತ್ತಿದ್ದರೂ ಅವರ ಕೈ ನಿಲ್ಲಲಿಲ್ಲ. ಮೊದಲು ಎಕ್ಸ್‌ಪೈರಿ ಹತ್ತಿರವಿರುವ ಪ್ಯಾಕೆಟ್ಟು ಮುಂದಕ್ಕೆ, ಆಮೇಲೆ ಗೋಡೌನಿನಿಂದ ತಂದದ್ದು ಹಿಂದಕ್ಕೆ. ಎಲ್ಲದರ ಮುಖವೂ ಗಿರಾಕಿಯ ಕಡೆಗೆ. ಯಾವ ಮಾಲು ಎಲ್ಲಿ, ಎಷ್ಟು ಸಾಲು ಎಂಬುದಕ್ಕೆ ಪ್ಲಾನೊಗ್ರಾಮ್ ಎಂಬ ನಕ್ಷೆಯಿದೆ. ಕಣ್ಣಿನ ಎತ್ತರದ ಶೆಲ್ಫೇ ಎಲ್ಲರಿಗೂ ಬೇಕು. ಮಕ್ಕಳ ತಿಂಡಿಗೆ ಮಾತ್ರ ಕೆಳಗಿನದೇ ವಾಸಿ, ಹಟ ಮಾಡುವವರ ಕಣ್ಣು ಅಷ್ಟೆತ್ತರಕ್ಕೇ ಇರುವುದು!

ಬೆಳಗ್ಗೆ ನಾಲ್ಕು ಸಾಲು ಕಟ್ಟಿ ಹೋದರೆ ಊಟದ ಹೊತ್ತಿಗೆ ಮೂರೇ ಆಗಿರುತ್ತದೆ. ಎದುರಾಳಿ ಕಂಪನಿಯ ಹುಡುಗ ಬಂದು ಮೆಲ್ಲಗೆ ಒತ್ತರಿಸಿರುತ್ತಾನೆ. ಹೊಲದ ಬದು ಒತ್ತುವ ಹಾಗೆಯೇ. ಇವರೂ ಸುಮ್ಮನಿರುವವರಲ್ಲ, ಅವನು ಹೋದ ಮೇಲೆ ವಾಪಸ್ ತಳ್ಳುತ್ತಾರೆ. ಆದರೆ ಮಧ್ಯಾಹ್ನ ಇಬ್ಬರೂ ಗೋಡೌನಿನ ರಟ್ಟಿನ ಪೆಟ್ಟಿಗೆಗಳ ನಡುವೆ ಒಂದೇ ಡಬ್ಬಿಯಿಂದ ಚಿತ್ರಾನ್ನ ಹಂಚಿಕೊಳ್ಳುತ್ತಾರೆ. ‘ಜಗಳ ಕಂಪನಿಗಳದ್ದು, ನಮ್ಮದಲ್ಲ’ ಎಂದು ನಕ್ಕರು.

ಅವರ ತಂದೆಗೆ ಊರಲ್ಲಿ ಚಿಲ್ಲರೆ ಅಂಗಡಿ. ಅಲ್ಲಿ ಸಾಮಾನು ಎಲ್ಲಿದ್ದರೇನು, ಕೇಳಿದರೆ ಎತ್ತಿಕೊಡಲು ಅಪ್ಪ ಇದ್ದರು. ಗಿರಾಕಿ ತಾನೇ ಎತ್ತಿಕೊಳ್ಳುವ ಪದ್ಧತಿಯನ್ನು 1916ರಲ್ಲಿ ಅಮೆರಿಕದ ಮೆಂಫಿಸ್‌ನ ಪಿಗ್ಲಿ ವಿಗ್ಲಿ ಅಂಗಡಿ ಶುರುಮಾಡಿತು; ಅಂದಿನಿಂದ ಮಾಲೇ ಗಿರಾಕಿಯನ್ನು ಕರೆಯಬೇಕಾಯಿತು. ಬೆಂಗಳೂರಿನ ಹಳಬರಿಗೆ ಈ ರುಚಿ ಹತ್ತಿಸಿದ್ದು ಬ್ರಿಗೇಡ್ ರಸ್ತೆಯ ನೀಲ್‌ಗಿರೀಸ್. 2001ರಲ್ಲಿ ಬಿಗ್ ಬಜಾರ್, 2003ರಲ್ಲಿ ಯಶವಂತಪುರದ ಮೆಟ್ರೊ ಸಗಟು ಮಳಿಗೆ ಬಂದ ಮೇಲೆ ಶೆಲ್ಫು ಉದ್ದವಾಯಿತು, ಜೋಡಿಸುವ ಕೈಗಳೂ ಹೆಚ್ಚಿದವು.

ಈ ಕೆಲಸಕ್ಕೆ ಸೇರುವುದು ಕಷ್ಟವಲ್ಲ. ಎಸ್ಸೆಸ್ಸೆಲ್ಸಿ ಅಥವಾ ಪಿಯುಸಿ, ಸ್ಮಾರ್ಟ್‌ಫೋನು, ನಾಲ್ಕೈದು ಮಳಿಗೆ ಸುತ್ತುವುದಾದರೆ ದ್ವಿಚಕ್ರ ವಾಹನ. ಕನ್ನಡದ ಜೊತೆ ತಮಿಳೋ ಹಿಂದಿಯೋ ಬಂದರೆ ಲಾಭ. ಜಾಹೀರಾತಿಗಿಂತ ಪರಿಚಯದವರ ಮಾತೇ ಹೆಚ್ಚು ಕೆಲಸ ಕೊಡಿಸುತ್ತದೆ. ಮಳಿಗೆಯಲ್ಲಿ ಮಾಲು ಜೋಡಿಸುತ್ತಿರುವವರನ್ನೇ ಕೇಳಿದರೆ ಏಜೆನ್ಸಿಯ ನಂಬರು ಸಿಕ್ಕೀತು. ರೀಟೇಲ್ ಕೌಶಲ ಮಂಡಳಿಯ ತರಬೇತಿಗಳೂ ಇವೆ. ಬಟ್ಟೆ ಅಂಗಡಿಯ ಗಾಜಿನ ಹಿಂದೆ ಗೊಂಬೆಗೆ ಸೀರೆ ಉಡಿಸುವ ವಿಷುವಲ್ ಮರ್ಚಂಡೈಸರ್ ಆಗಬೇಕೆಂದರೆ ಅದಕ್ಕೆ ಬೇರೆ ಓದು ಬೇಕು. ಪೀಣ್ಯದ ಗಾರ್ಮೆಂಟ್ಸ್‌ನಲ್ಲೂ ಮರ್ಚಂಡೈಸರ್ ಎಂಬ ಹುದ್ದೆಯಿದೆ, ಕೆಲಸ ಮಾತ್ರ ವಿದೇಶಿ ಆರ್ಡರುಗಳ ಬೆನ್ನು ಹತ್ತುವುದು. ಅರ್ಜಿ ಹಾಕುವ ಮುನ್ನ ಯಾವುದೆಂದು ನೋಡಿಕೊಳ್ಳಿ.

ತೊಡಕಿರುವುದು ಸೇರಿದ ಮೇಲೆ. ಇವರು ಮಳಿಗೆಯ ನೌಕರರಲ್ಲ. ಬಿಸ್ಕತ್ತಿನ ಕಂಪನಿಯವರೂ ಅಲ್ಲ, ಸಂಬಳ ಕೊಡುವುದು ನಡುವಿನ ಏಜೆನ್ಸಿ. ಮಳಿಗೆಯ ಮ್ಯಾನೇಜರು ಗದರಬಹುದು, ರಜೆ ಮಾತ್ರ ಕೊಡಲಾರರು. ಚೆನ್ನಾಗಿ ದುಡಿದವರು ಸೂಪರ್‌ವೈಸರ್ ಆಗುತ್ತಾರೆ, ಕೆಲವರು ಕಂಪನಿಯ ಸೇಲ್ಸ್ ಆಫೀಸರ್ ತನಕ ಹೋಗುತ್ತಾರೆ. ಚನ್ನಪಟ್ಟಣದ ಈಕೆ ಆರು ವರ್ಷದಿಂದ ಇಲ್ಲೇ ಇದ್ದಾರೆ.

ದಿನವಿಡೀ ನಿಂತೇ ಮಾಡುವ ಕೆಲಸವಿದು. ಜವಳಿ ಅಂಗಡಿಯ ಹೆಣ್ಣುಮಕ್ಕಳು ಹೋರಾಡಿದ ಮೇಲೆ ಕೇರಳ 2018ರಲ್ಲಿ, ಬಳಿಕ ತಮಿಳುನಾಡು 2021ರಲ್ಲಿ, ಅಂಗಡಿ ಕೆಲಸಗಾರರಿಗೆ ಕೂರಲು ಆಸನ ಕೊಡಲೇಬೇಕೆಂದು ಕಾನೂನು ತಂದವು. ಅದನ್ನು ಹೇಳಿದಾಗ ಆಕೆ ಪ್ಯಾಕೆಟ್ಟಿನಿಂದ ಕಣ್ಣು ತೆಗೆಯದೆ ಕೇಳಿದರು: ‘ಕುರ್ಚಿ ಯಾರು ಹಾಕಬೇಕು ಮೇಡಂ? ಮಳಿಗೆಯವರಾ, ಕಂಪನಿಯವರಾ, ಏಜೆನ್ಸಿಯವರಾ?’