ಅಟ್ಟದಿಂದ ಇಳಿದ ಕ್ಯಾಸೆಟ್ಟುಗಳು

ತೊಂಬತ್ತರ ದಶಕದ ಮಂಗಳೂರಿನಲ್ಲಿ ವಿಡಿಯೊ ಗೇಮ್ ಮನೆಗೆ ಬರುತ್ತಿದ್ದುದು ಒಂದೋ ರಜೆಗೆ ಬಂದ ಗಲ್ಫ್ ಮಾವನ ಪೆಟ್ಟಿಗೆಯಲ್ಲಿ, ಇಲ್ಲವೇ ಪೇಟೆಯ ಎಲೆಕ್ಟ್ರಾನಿಕ್ಸ್ ಅಂಗಡಿಯಿಂದ. ಹೆಚ್ಚಿನವು ನಕಲುಗಳೇ, ಜಪಾನಿನ ನಿಂಟೆಂಡೊ 1983ರಲ್ಲಿ ಹೊರತಂದ ಫ್ಯಾಮಿಕಾಮ್ ಯಂತ್ರದ ಅಗ್ಗದ ಪ್ರತಿಗಳು. ಕ್ಯಾಸೆಟ್ಟಿನ ಮೇಲೆ ‘9999999 ಇನ್ 1’ ಎಂದಿರುತ್ತಿತ್ತು. ಹಾಕಿ ನೋಡಿದರೆ ಮಾರಿಯೊ, ಕಾಂಟ್ರಾ, ಎಲ್ಲರೂ ‘ಟ್ಯಾಂಕ್’ ಎನ್ನುತ್ತಿದ್ದ ಬ್ಯಾಟಲ್ ಸಿಟಿ, ಇವೇ ಹೆಸರು ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತಿದ್ದವು.

ಅಂದಿನ ಮಕ್ಕಳಲ್ಲಿ ಕೆಲವರು ಇಂದು ಸ್ವಂತ ಸಂಪಾದನೆಯಲ್ಲಿ ಒರಿಜಿನಲ್ ಕ್ಯಾಸೆಟ್ ತರಿಸಿಕೊಳ್ಳುವ ಹವ್ಯಾಸಕ್ಕೆ ಬಿದ್ದಿದ್ದಾರೆ. ದುಡ್ಡೊಂದಿದ್ದರೆ ಸಾಲದು. ಜಪಾನಿನ ಕ್ಯಾಸೆಟ್ಟಿಗೆ 60 ಪಿನ್, ಅಮೆರಿಕ ಮತ್ತು ಯುರೋಪಿನದಕ್ಕೆ 72. ನಡುವೆ ಅಡಾಪ್ಟರ್ ಬೇಕು. ಜಪಾನಿನ ಯಂತ್ರವನ್ನು ನಮ್ಮ ಹಳೆಯ ಪಾಲ್ (PAL) ಮಾದರಿಯ ಟಿವಿಗೆ ಸಿಕ್ಕಿಸಿದರೆ ಚಿತ್ರ ಎಷ್ಟೋ ಸಲ ಕಪ್ಪು ಬಿಳುಪಾಗುತ್ತದೆ. ಹಾಗೆಂದು ಡಬ್ಬಾ ಟಿವಿಯನ್ನು ಗುಜರಿಗೆ ಹಾಕಬೇಡಿ. ಡಕ್ ಹಂಟ್ ಆಟದ ಬಾತುಕೋಳಿಗೆ ಗುರಿಯಿಡುವ ಬಂದೂಕು ಹೊಸ ಎಲ್‌ಇಡಿ ಪರದೆಯ ಮುಂದೆ ಕೆಲಸ ಮಾಡುವುದೇ ಇಲ್ಲ.

ಕರಾವಳಿಯ ಸಂಗ್ರಾಹಕನ ನಿಜವಾದ ವೈರಿ ಮಳೆಗಾಲ. ಜೂನ್ ಬಂತೆಂದರೆ ಲೇಬಲ್ಲಿಗೆ ಬೂಷ್ಟು, ಪಿನ್ನಿಗೆ ಕಿಲುಬು. ಕ್ಯಾಸೆಟ್ ಓಡದಿದ್ದರೆ ಬಾಯಿಂದ ಉಫ್ ಎಂದು ಊದುವುದು ನಾವೆಲ್ಲ ಕಲಿತ ಮೊದಲ ರಿಪೇರಿ. ಉಸಿರಿನ ತೇವ ಪಿನ್ನಿಗೆ ಒಳ್ಳೆಯದಲ್ಲ. ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಯಿಂದ ಒರೆಸಿ, ಸಿಲಿಕಾ ಜೆಲ್ ಹಾಕಿದ ಬಿಗಿ ಡಬ್ಬಿಯಲ್ಲಿಡುವುದೇ ಸರಿ. ಆಟ ಎಲ್ಲಿಗೆ ಮುಟ್ಟಿತೆಂದು ನೆನಪಿಡಲು ಜೆಲ್ಡಾದಂಥ ಕ್ಯಾಸೆಟ್ಟುಗಳೊಳಗೆ ಪುಟ್ಟ ಬ್ಯಾಟರಿ ಇರುತ್ತದೆ. ಅದು ಸತ್ತರೆ ಉಳಿಸಿಟ್ಟ ಆಟವೂ ಹೋಯಿತು.

ಇಷ್ಟೆಲ್ಲ ಜೋಪಾನ ಮಾಡುವವರೂ ಆಟ ಕಟ್ಟಿದವರನ್ನು ಮರೆಯುವುದುಂಟು. ಅಟಾರಿ ಕಂಪನಿ ತನ್ನ ಪ್ರೋಗ್ರಾಮರುಗಳ ಹೆಸರನ್ನೇ ಹಾಕುತ್ತಿರಲಿಲ್ಲ. ಅದಕ್ಕೆ ಬೇಸತ್ತ ನಾಲ್ವರು ಹೊರಬಂದು 1979ರಲ್ಲಿ ಆ್ಯಕ್ಟಿವಿಷನ್ ಕಟ್ಟಲು ಕೈಜೋಡಿಸಿದರು. ಅಟಾರಿಯದೇ ಪ್ರೋಗ್ರಾಮರ್ ವಾರೆನ್ ರಾಬಿನೆಟ್ ‘ಅಡ್ವೆಂಚರ್’ ಆಟದಲ್ಲಿ ಒಂದು ಗುಪ್ತ ಕೋಣೆ ಮಾಡಿ, ಯಾರಿಗೂ ಹೇಳದೆ ತನ್ನ ಹೆಸರನ್ನು ಅಲ್ಲಿ ಬರೆದಿಟ್ಟ. ನಮ್ಮ ನಕಲಿ ಕ್ಯಾಸೆಟ್ಟುಗಳಿಂದ ಇಂಥವರಿಗೆ ಕವಡೆಯೂ ಸಿಗಲಿಲ್ಲ. ಇಂದು ಸೆಕೆಂಡ್‌ಹ್ಯಾಂಡ್ ಒರಿಜಿನಲ್ಲಿಗೆ ಸಾವಿರಾರು ರೂಪಾಯಿ ಸುರಿದರೂ ಅದು ಮಾರಿದವನ ಜೇಬಿಗೇ. ವಸ್ತು ಉಳಿಯುತ್ತದೆ, ಅದೂ ಪುಣ್ಯದ ಕೆಲಸವೇ. ಆದರೆ ಅದನ್ನು ಕಲಾವಿದರಿಗೆ ಕೊಟ್ಟ ಬೆಂಬಲ ಎನ್ನಲಾಗದು.

ಅಮೆರಿಕದಲ್ಲಿ 2010ಕ್ಕೆ ಮೊದಲು ಬಂದ ಆಟಗಳಲ್ಲಿ ಶೇಕಡಾ 87ರಷ್ಟು ಈಗ ಮಾರಾಟದಲ್ಲೇ ಇಲ್ಲ ಎಂದು ಅಲ್ಲಿನ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಲೆಕ್ಕ ಕೊಟ್ಟಿತು. ಹಾಗಾಗಿ ಮರುಬಿಡುಗಡೆಯಾದವನ್ನಾದರೂ ಕೊಂಡು ಆಡಬೇಕು. ಕಾಂಟ್ರಾ ಕಟ್ಟಿದ ಕೊನಾಮಿ ಕಂಪನಿ 2019ರಲ್ಲಿ ಹಳೆಯ ಹಲವು ಕಾಂಟ್ರಾಗಳನ್ನು ಸೇರಿಸಿ ಒಂದು ಸಂಕಲನ ತಂದಿದೆ, ಲ್ಯಾಪ್‌ಟಾಪ್ ಸಾಕು.

ಆಟ ಕಟ್ಟುವವರು ಜಪಾನಿನಲ್ಲೇ ಇರಬೇಕೆಂದೇನೂ ಇಲ್ಲ. ರಾಜೇಶ್ ರಾವ್ ಬೆಂಗಳೂರಿನಲ್ಲಿ 1997ರಲ್ಲೇ ಧ್ರುವ ಇಂಟರಾಕ್ಟಿವ್ ಶುರುಮಾಡಿದ್ದರು. ರೋಹಿತ್ ಭಟ್ ಅವರ 99ಗೇಮ್ಸ್ ಉಡುಪಿಯಲ್ಲಿ 2008ರಲ್ಲಿ ಹುಟ್ಟಿತು. ಅದರ ‘ಸ್ಟಾರ್ ಶೆಫ್’ 2014ರಲ್ಲಿ ಬಂದು ಹೊರದೇಶಗಳಲ್ಲೂ ಆಡುಗರನ್ನು ಗಳಿಸಿತು. ಮುಂದಿನ ಸಲ ಜಪಾನಿನ ಕ್ಯಾಸೆಟ್ಟಿಗೆ ಹಣ ಎತ್ತಿಡುವಾಗ, ನಮ್ಮವರು ಮಾಡಿದ ಒಂದು ಆಟಕ್ಕೂ ಸ್ವಲ್ಪ ತೆಗೆದಿಡಿ. ಆಡಿ ಮುಗಿದ ಮೇಲೆ ಕೊನೆಗೆ ಬರುವ ಹೆಸರುಗಳ ಪಟ್ಟಿಯನ್ನೂ ಪೂರ್ತಿ ನೋಡಿ.