ಮುದಿ ನಾಯಿಯ ನೀರಿನ ಲೆಕ್ಕ

ಇಂಡಿಯ ಬಸ್ ನಿಲ್ದಾಣದಿಂದ ನಾಲ್ಕು ಹೆಜ್ಜೆ ದೂರದಲ್ಲಿ ಒಂದು ಕಿರಾಣಿ ಅಂಗಡಿ. ಸಾಹುಕಾರರ ಹೆಸರು ಇಲ್ಲಿ ಬೇಡ. ನಾಯಿಯ ಹೆಸರು ಮಾತ್ರ ಮೋತಿ. ಹನ್ನೊಂದು ವರ್ಷದ ಹಿಂದೆ ಬೆಲ್ಲದ ಪೆಂಟಿಗಳ ಸಂದಿಯಲ್ಲಿ ಮುದುಡಿ ಮಲಗಿದ್ದ ಮರಿ ಈಗ ಆ ಓಣಿಯ ನಾಯಿಗಳಿಗೆಲ್ಲ ಹಿರಿಯ. ರಾತ್ರಿ ಷಟರ್ ಇಳಿದ ಮೇಲೆ ಅಂಗಡಿ ಅದರ ವಶ.

ಹೋದ ಬೇಸಿಗೆ ಮುಗಿಯಿತು. ಮೋತಿಯ ನೀರಡಿಕೆ ಮುಗಿಯಲಿಲ್ಲ. ಮಳೆ ಬಿದ್ದು ನೆಲ ತಂಪಾದರೂ ಅದು ತೇಕುತ್ತಲೇ ಇತ್ತು. ಹೊಟ್ಟೆ ಕೊಡದ ಹಾಗೆ ದಪ್ಪ, ಕಾಲು ಕಡ್ಡಿಯ ಹಾಗೆ ತೆಳು. ಎರಡೂ ಪಕ್ಕೆಯ ಕೂದಲು ಉದುರಿ ತೊಗಲು ಕಾಣುತ್ತಿತ್ತು. ಎಷ್ಟು ರೊಟ್ಟಿ ಹಾಕಿದರೂ ಇನ್ನೊಂದು ಬೇಕು. ಇವೆಲ್ಲ ಹೋಗಲಿ ಎಂದರೆ, ಹನ್ನೊಂದು ವರ್ಷ ಒಂದು ದಿನವೂ ಅಂಗಡಿಯೊಳಗೆ ಹೊಲಸು ಮಾಡದ ನಾಯಿ ಸಕ್ಕರೆ ಚೀಲದ ಮಗ್ಗುಲಲ್ಲೇ ಉಚ್ಚೆ ಹೊಯ್ಯತೊಡಗಿತು. ಗಿರಾಕಿಗಳು ಮೂಗು ಹಿಡಿದುಕೊಂಡರು.

“ವಯಸ್ಸಾತ್ರಿ, ಅದಕ್ಕ ತಾಳಿಕಿ ಇಲ್ಲ,” ಎಂದರು ಸಾಹುಕಾರರು. “ಸಂಜಿ ಆತಂದ್ರ ನೀರಿನ ಬುಟ್ಟಿ ಎತ್ತಿಡ್ತೀವಿ ನೋಡ್ರಿ. ಕುಡೀಲಿಲ್ಲಂದ್ರ ಹೊಯ್ಯೂದಿಲ್ಲ.”

ವ್ಯಾಪಾರಸ್ಥರ ಲೆಕ್ಕ, ಮೇಲ್ನೋಟಕ್ಕೆ ಸರಿಯಾಗಿಯೇ ಕಾಣುತ್ತದೆ. ಆದರೆ ಇಲ್ಲಿ ಜಮಾ ಮತ್ತು ಖರ್ಚು ಅದಲುಬದಲಾಗಿವೆ. ಇಂಥ ನಾಯಿ ಕುಡಿಯುತ್ತದೆಂದು ಹೊಯ್ಯುವುದಿಲ್ಲ. ಹೊಯ್ದು ಖಾಲಿಯಾಗುತ್ತದೆಂದು ಕುಡಿಯುತ್ತದೆ. ಮೂತ್ರಪಿಂಡ ನೀರನ್ನು ಹಿಡಿದಿಡಲಾರದ ಸ್ಥಿತಿಗೆ ಬಂದಿರುತ್ತದೆ. ಮುಂದಿನ ನೀರು ಕಸಿದುಕೊಂಡರೂ ಹಿಂದಿನಿಂದ ಹೋಗುವುದು ಹೋಗುತ್ತಲೇ ಇರುತ್ತದೆ. ನಮ್ಮ ಜಿಲ್ಲೆಯ ಬಿಸಿಲಿನಲ್ಲಿ ಅಂಥ ನಾಯಿಗೆ ಒಂದು ರಾತ್ರಿ ನೀರು ತಪ್ಪಿದರೂ ಜೀವಕ್ಕೆ ಬಂದೀತು.

ಇದು ಇಂಡಿಯ ಒಂದು ಅಂಗಡಿಯ ಕಥೆಯಲ್ಲ. ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಲ್ಲಿಗೇ ಹೋಗಿ, ಮುದಿ ನಾಯಿ ಸಾಕಿದವರ ಬಾಯಲ್ಲಿ ಇದೇ ಮಾತು. ವಯಸ್ಸಾತು! ಆದರೆ ವಯಸ್ಸು ರೋಗವಲ್ಲ. ಬರೀ ವಯಸ್ಸಿನಿಂದ ನಾಯಿ ಎರಡು ಪಟ್ಟು ನೀರು ಕುಡಿಯುವುದಿಲ್ಲ.

ಹಾಗಾದರೆ ಎಷ್ಟು ಕುಡಿದರೆ ಹೆಚ್ಚು? ಇದಕ್ಕೆ ಡಾಕ್ಟರೂ ಬೇಕಿಲ್ಲ, ದುಡ್ಡೂ ಬೇಕಿಲ್ಲ. ಚೀಲ ತೂಗುವ ಕಾಟಾದ ಮೇಲೆ ನಾಯಿಯನ್ನು ಎತ್ತಿಕೊಂಡು ನಿಲ್ಲಿ, ಆಮೇಲೆ ನಿಮ್ಮ ವಜನು ಕಳೆಯಿರಿ. ಒಂದು ಲೀಟರಿನ ಬಾಟ್ಲಿಯಿಂದ ಅಳೆದು ನೀರಿಡಿ, ಮರುದಿನ ಉಳಿದದ್ದನ್ನು ಅಳೆಯಿರಿ. ಹೀಗೆ ಮೂರು ದಿನ. ಹಾಲು, ಮಜ್ಜಿಗೆಯೂ ಲೆಕ್ಕಕ್ಕೆ ಸೇರಬೇಕು. ಓಣಿಯ ಬೇರೆ ನಾಯಿ ಬಂದು ಅದೇ ಬುಟ್ಟಿಯಲ್ಲಿ ಬಾಯಿ ಹಾಕಿದರೆ ಲೆಕ್ಕ ಕೆಟ್ಟಿತು. 20 ಕಿಲೋ ತೂಕದ ನಾಯಿ ದಿನಕ್ಕೆ ಸುಮಾರು 1 ಲೀಟರ್ ಕುಡಿಯುತ್ತದೆ, ಸೆಕೆಗಾಲದಲ್ಲಿ ಇನ್ನೂ ಸ್ವಲ್ಪ. ಕಿಲೋ ಒಂದಕ್ಕೆ 100 ಮಿಲಿಲೀಟರ್ ದಾಟಿತೆಂದರೆ, ಅಂದರೆ 20 ಕಿಲೋ ನಾಯಿಗೆ 2 ಲೀಟರ್ ಮೀರಿದರೆ, ಏನೋ ಕೆಟ್ಟಿದೆ ಎಂದೇ ತಿಳಿಯಬೇಕು.

ಮೋತಿಯ ತೂಕ 18 ಕಿಲೋ. ಕುಡಿದದ್ದು ದಿನಕ್ಕೆ ಎರಡೂ ಮುಕ್ಕಾಲು ಲೀಟರ್. ಸಾಹುಕಾರರು ಎರಡು ಸಲ ಅಳೆದರು. ಆಮೇಲೆ ಟಂಟಂ ಹತ್ತಿಸಿ ದನದ ದವಾಖಾನೆಗೆ ಕರೆದೊಯ್ದರು.

ನೀರಡಿಕೆ ಹೆಚ್ಚಾಗಲು ಕಾರಣ ಹಲವು. ಸಕ್ಕರೆ ಕಾಯಿಲೆ ನಾಯಿಗೂ ಬರುತ್ತದೆ. ಮೂತ್ರಪಿಂಡ ಸೋಲುವುದುಂಟು. ಸಂತಾನಹರಣ ಮಾಡಿಸದ ಹೆಣ್ಣು ನಾಯಿ ಬೆದೆಗೆ ಬಂದು ಒಂದೆರಡು ತಿಂಗಳೊಳಗೆ ಹೀಗೆ ನೀರು ಕುಡಿಯತೊಡಗಿ, ಊಟ ಬಿಟ್ಟು ಮಂಕಾದರೆ ಗರ್ಭಕೋಶದಲ್ಲಿ ಕೀವು ತುಂಬಿರಬಹುದು. ಅದಕ್ಕೆ ನಾಳೆ, ನಾಡಿದ್ದು ಎನ್ನುವಂತಿಲ್ಲ, ಅವತ್ತೇ ಹೋಗಬೇಕು.

ಇನ್ನೊಂದು ಕಾರಣ ಕುಶಿಂಗ್ಸ್ ರೋಗ. ಮೋತಿಯ ಲಕ್ಷಣ ಹೊಂದುತ್ತಿದ್ದದ್ದು ಇದಕ್ಕೆ. ಹಾರ್ವೆ ಕುಶಿಂಗ್ ಎಂಬ ಅಮೆರಿಕದ ಮಿದುಳು ಶಸ್ತ್ರವೈದ್ಯ 1912ರಲ್ಲಿ ಮನುಷ್ಯರಲ್ಲಿ ಇದನ್ನು ಗುರುತಿಸಿ ಬರೆದ. ಮನುಷ್ಯರಿಗೆ ಅಪರೂಪ, ಆದರೆ ವಯಸ್ಸಾದ ನಾಯಿಗಳಲ್ಲಿ ಅಷ್ಟು ಅಪರೂಪವೇನಲ್ಲ. ಮೂತ್ರಪಿಂಡದ ತುದಿಯಲ್ಲಿ ಕುಳಿತ ಸಣ್ಣ ಗ್ರಂಥಿಗಳು ಕಾರ್ಟಿಸಾಲ್ ಎಂಬ ರಸವನ್ನು ಅತಿಯಾಗಿ ಸುರಿಸುತ್ತವೆ. ನೂರರಲ್ಲಿ 80-85 ನಾಯಿಗಳಲ್ಲಿ ತಪ್ಪು ಆ ಗ್ರಂಥಿಯದಲ್ಲ. ಅದಕ್ಕೆ ಹುಕುಂ ಕೊಡುವ, ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯಲ್ಲಿ ಎದ್ದ ಚಿಕ್ಕ ಗಂಟಿನದು.

ದವಾಖಾನೆಯ ಡಾಕ್ಟರು ನಾಯಿ ಮುಟ್ಟುವ ಮೊದಲೇ ಒಂದು ಪ್ರಶ್ನೆ ಹಾಕಿದರು. “ಇದಕ್ಕ ತಿಂಡಿ, ತುರಿಕಿಗೆ ಗುಳಿಗಿ ಏನರ ಹಾಕತೀರೇನು?”

ಹೌದು, ಹಾಕುತ್ತಿದ್ದರು. ವರ್ಷದ ಹಿಂದೆ ಕಜ್ಜಿಯಾದಾಗ ಯಾರೋ ಹೇಳಿದರೆಂದು ಔಷಧ ಅಂಗಡಿಯಿಂದ ತಂದ ಸಣ್ಣ ಬಿಳಿ ಗುಳಿಗೆ. ಎರಡು ದಿನಕ್ಕೆ ತುರಿಕೆ ಮಂಗಮಾಯ. ಬಿಟ್ಟರೆ ಮತ್ತೆ ಶುರು. ಹೀಗಾಗಿ ರೊಟ್ಟಿಯಲ್ಲಿ ಅಡಗಿಸಿ ದಿನಾ ಒಂದು. ಅದು ಪ್ರೆಡ್ನಿಸೊಲೋನ್, ಅಂದರೆ ಸ್ಟೀರಾಯ್ಡ್. ಕಾರ್ಟಿಸಾಲ್ ಮಾಡುವ ಕೆಲಸವನ್ನೇ ಮಾಡುವ ಮದ್ದು. ಒಳಗಿನ ಗ್ರಂಥಿ ಸುರಿಸಿದರೂ ಅಷ್ಟೇ, ಹೊರಗಿನಿಂದ ನಾವು ಸುರಿದರೂ ಅಷ್ಟೇ. ಹೊಟ್ಟೆ, ಕೂದಲು, ನೀರಡಿಕೆ ಎಲ್ಲ ಅದೇ. ಮೋತಿಯ ರೋಗ ಮೋತಿಯದಾಗಿರಲಿಲ್ಲ. ಪ್ರೀತಿಯಿಂದ ಕೊಟ್ಟ ಗುಳಿಗೆಯದಾಗಿತ್ತು.

ಇಲ್ಲಿ ಓದುಗರು ಸ್ವಲ್ಪ ನಿಧಾನಿಸಬೇಕು. ಇದನ್ನು ಓದಿ ನಾಳೆಯೇ ಗುಳಿಗೆ ಬೀದಿಗೆಸೆದರೆ ಇನ್ನೂ ದೊಡ್ಡ ಅನಾಹುತ. ತಿಂಗಳುಗಟ್ಟಲೆ ಹೊರಗಿನಿಂದ ಸ್ಟೀರಾಯ್ಡ್ ಬಂದರೆ ಒಳಗಿನ ಗ್ರಂಥಿ ಕೆಲಸ ಬಿಟ್ಟು ಸೊರಗಿ ಹೋಗಿರುತ್ತದೆ. ಒಮ್ಮೆಲೇ ನಿಲ್ಲಿಸಿದರೆ ನಾಯಿ ವಾಂತಿ ಮಾಡಿ, ಕಾಲು ಸೋತು ಕುಸಿಯಬಹುದು, ಸಾಯಲೂಬಹುದು. ಡಾಕ್ಟರು ಹೇಳಿದ ಹಾಗೆ ವಾರಗಟ್ಟಲೆ ಸ್ವಲ್ಪ ಸ್ವಲ್ಪವೇ ಇಳಿಸಬೇಕು. ಮನುಷ್ಯರ ಗಜಕರ್ಣಕ್ಕೆ ಮಾರುವ ಮುಲಾಮುಗಳೂ ಕಡಿಮೆಯಲ್ಲ. ಅನೇಕ ಟ್ಯೂಬುಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ಹಚ್ಚಿದ್ದನ್ನು ನಾಯಿ ನೆಕ್ಕುತ್ತದೆ, ಅದೂ ಹೊಟ್ಟೆಗೇ.

ಗುಳಿಗೆಯ ಸುದ್ದಿಯೇ ಇಲ್ಲದ ನಾಯಿಯಲ್ಲಿ ಈ ಲಕ್ಷಣ ಕಂಡರೆ ಮೊದಲು ಬೆಳಗಿನ ಮೂತ್ರವನ್ನು ತೊಳೆದು ಒಣಗಿಸಿದ ಬಾಟ್ಲಿಯಲ್ಲಿ ಹಿಡಿದು ಒಯ್ಯಬೇಕು. (ಹಿಡಿಯಲು ಉದ್ದ ಹಿಡಿಕೆಯ ಹುಟ್ಟು ಒಳ್ಳೆಯದು. ಆ ಹುಟ್ಟು ಮತ್ತೆ ಅಡುಗೆಮನೆಗೆ ಹೋಗಬಾರದು, ಮನೆಯವರು ನಮ್ಮನ್ನು ಬೈದಾರು!) ಅದರಲ್ಲಿ ಕಾರ್ಟಿಸಾಲ್ ಪ್ರಮಾಣ ಸರಿ ಇದ್ದರೆ ಕುಶಿಂಗ್ಸ್ ಬಹುಮಟ್ಟಿಗೆ ಇಲ್ಲವೆಂದೇ ಅರ್ಥ. ಹೆಚ್ಚಿದ್ದರೆ ಮಾತ್ರ ಇದೆ ಎಂದಲ್ಲ, ಮುಂದಿನ ಪರೀಕ್ಷೆ ಬೇಕು. ಡೆಕ್ಸಾಮೆಥಾಸೋನ್ ಸೂಜಿ ಚುಚ್ಚಿ, ಚುಚ್ಚುವ ಮೊದಲು, 4 ತಾಸಿಗೆ, 8 ತಾಸಿಗೆ ಹೀಗೆ ಮೂರು ಸಲ ರಕ್ತ ತೆಗೆಯುತ್ತಾರೆ. ಒಂದು ಇಡೀ ದಿನದ ಕೆಲಸ. ತಾಲ್ಲೂಕಿನಲ್ಲಿ ಆಗದಿದ್ದರೆ ಬೀದರ ಅಥವಾ ಗದಗಿನ ಪಶುವೈದ್ಯ ಕಾಲೇಜಿಗೆ ಕೇಳಿ ನೋಡಬಹುದು. ರಕ್ತವನ್ನು ಮನುಷ್ಯರ ಲ್ಯಾಬಿಗೆ ಕಳಿಸಿದರೂ ಕಾರ್ಟಿಸಾಲ್ ಅಳೆಯಬಹುದು, ರಸ ಒಂದೇ. ಆದರೆ ಚೀಟಿಯ ಮೇಲೆ ಅಚ್ಚಾದ ‘ನಾರ್ಮಲ್’ ಅಂಕಿ ಮನುಷ್ಯರದು, ನಾಯಿಗೆ ಹೊಂದುವುದಿಲ್ಲ.

ರೋಗ ಖಚಿತವಾದರೆ ಟ್ರೈಲೊಸ್ಟೇನ್ ಎಂಬ ಕ್ಯಾಪ್ಸೂಲು, ಊಟದೊಂದಿಗೆ, ಬದುಕಿರುವ ತನಕ. ಖರ್ಚಿನ ಬಾಬತ್ತು, ಮುಚ್ಚಿಡುವುದು ಬೇಡ. ನಡುನಡುವೆ ರಕ್ತ ಪರೀಕ್ಷೆಯೂ ಬೇಕು. ಮದ್ದು ಹೆಚ್ಚಾದರೆ ಕಾರ್ಟಿಸಾಲ್ ನೆಲಕಚ್ಚಿ ನಾಯಿ ಊಟ ಬಿಡುತ್ತದೆ, ವಾಂತಿ ಮಾಡುತ್ತದೆ. ಆಗ ಕ್ಯಾಪ್ಸೂಲು ನಿಲ್ಲಿಸಿ ಕೂಡಲೇ ಡಾಕ್ಟರಿಗೆ ತಿಳಿಸಬೇಕು. ನೀರಡಿಕೆ ಅಷ್ಟಕ್ಕಷ್ಟೇ ಇದ್ದು ನಾಯಿ ಆರಾಮವಾಗಿದ್ದರೆ ಎಷ್ಟೋ ಡಾಕ್ಟರರು ಸದ್ಯಕ್ಕೆ ಮದ್ದು ಬೇಡ, ಕಾದು ನೋಡೋಣ ಎನ್ನುತ್ತಾರೆ. ಅದೂ ಚಿಕಿತ್ಸೆಯೇ.

ಇನ್ನು ಥೈರಾಯ್ಡ್. ಸಿಂದಗಿ ಕಡೆ ಕುರಿ ಹಿಂಡಿನೊಡನೆ ತಿರುಗುವ ಉದ್ದಕಾಲಿನ ಬೇಟೆ ನಾಯಿಗಳನ್ನು ಕಂಡವರಿಗೆ ಈ ಮಾತು. ನಾಯಿ ಉಣ್ಣುವುದು ಕಡಿಮೆ, ದಪ್ಪವಾಗುವುದು ಹೆಚ್ಚು. ಬಾಲದ ಕೂದಲು ಹೋಗಿ ಇಲಿ ಬಾಲದಂತಾಗುತ್ತದೆ. ಬಿಸಿಲಲ್ಲೂ ಬೆಚ್ಚಗಿನ ಜಾಗ ಹುಡುಕುತ್ತದೆ. ಇದರಲ್ಲಿ ಸಾಮಾನ್ಯವಾಗಿ ನೀರಡಿಕೆ ಇರುವುದಿಲ್ಲ, ಗುರುತಿಗೆ ಅಷ್ಟು ಸಾಕು. ಆದರೆ ಗ್ರೇಹೌಂಡ್, ಸಲೂಕಿಯಂಥ ಓಟದ ತಳಿಗಳ ರಕ್ತದಲ್ಲಿ ಆರೋಗ್ಯವಿದ್ದಾಗಲೂ ಥೈರಾಯ್ಡ್ ರಸ ಕಡಿಮೆಯೇ. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂದ ನಮ್ಮ ಪಕ್ಕದ ಮುಧೋಳದ ನಾಯಿಯೂ ಇದೇ ಮಾದರಿಯ ಮೈಕಟ್ಟಿನದು. ಒಂದೇ ಅಂಕಿ ನೋಡಿ ಜನ್ಮವಿಡೀ ಗುಳಿಗೆ ಶುರುಮಾಡುವ ಮೊದಲು ಡಾಕ್ಟರಿಗೆ ಇನ್ನೊಂದು ಮಾತು ಕೇಳುವುದು ಒಳ್ಳೆಯದು. ಅಜ್ಜಿಯ ಥೈರಾಯ್ಡ್ ಗುಳಿಗೆಯನ್ನಂತೂ ಕೊಡಬೇಡಿ, ನಾಯಿಯ ಅಳತೆಯೇ ಬೇರೆ.

ಮೋತಿಯ ಗುಳಿಗೆ ಇಳಿಸಲು ಎರಡು ತಿಂಗಳು ಹಿಡಿಯಿತು. ಕಜ್ಜಿಗೆ ನಿಜವಾದ ಕಾರಣ ಉಣ್ಣಿ. ಅದಕ್ಕೆ ಬೇರೆ ಮದ್ದು ಬಿತ್ತು. ನೀರಿನ ಬುಟ್ಟಿ ಈಗ ರಾತ್ರಿಯೂ ಷಟರಿನ ಒಳಗೇ ಇರುತ್ತದೆ, ಕೆಳಗೊಂದು ಹಳೆ ಗೋಣಿಚೀಲ. ಮೊನ್ನೆ ನಾವು ಸಕ್ಕರೆ ಕಟ್ಟಿಸಲು ಹೋದಾಗ ಸಾಹುಕಾರರು ಉದ್ರಿ ಪುಸ್ತಕದ ಕೊನೆಯ ಹಾಳೆ ತೆರೆದು ತೋರಿಸಿದರು. ಮೇಲೆ ‘ಮೋತಿ’ ಎಂದು ಬರೆದು ಕೆಳಗೆ ದಿನದಿನದ ನೀರಿನ ಲೆಕ್ಕ. ಕೊನೆಯ ಸಾಲಿನಲ್ಲಿ ಒಂದೂ ಕಾಲು ಲೀಟರ್.

“ಹೊಟ್ಟಿ ಇನ್ನೂ ಪೂರಾ ಇಳಿದಿಲ್ರಿ,” ಎಂದರು. “ಆದ್ರ ಬೆನ್ನ ಮ್ಯಾಲ ಕೂದಲ ಹುಟ್ಟಾಕತ್ಯಾವ, ಕೈ ಆಡಿಸಿ ನೋಡ್ರಿ.”